ಅಪ್ಪಂದಿರು ತಳ್ಳುತ್ತಿದ್ದ ಕಬ್ಬಿಣದ ಕುದುರೆಗಳು

ಮೊದಲ ಕುದುರೆಯ ಬೋಲ್ಟುಗಳನ್ನು ಬಿಚ್ಚಿದ ಮೇಲೆ ನಮ್ಮ ವರ್ಕ್‌ಶಾಪಿನ ಇಬ್ಬರು ಅದರ ಹೊಟ್ಟೆಯ ಕೆಳಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿದರು. ಕುದುರೆ ಅಲುಗಲಿಲ್ಲ. ಮೂರನೆಯವನು ಸೇರಿಕೊಂಡ. ಆಗಲೂ ಅದು ಭದ್ರಾ ಹೊಳೆಯ ಕಡೆ ಮುಖ ಮಾಡಿ, ಹಲ್ಲು ಕಿರಿದುಕೊಂಡು ಹಾಗೇ ನಿಂತಿತ್ತು. ನಮ್ಮ ವೆಲ್ಡರ್ ಬೆವರು ಒರೆಸಿಕೊಳ್ಳುತ್ತಾ, "ಅಕ್ಕಾ, ಇದು ಕುದುರೆ ಅಲ್ಲ, ಆನೆ. ಚೈನ್ ಪುಲ್ಲಿ ತರ್ಸಿ," ಎಂದ.

ನನಗೆ ನಗು ಬಂತು. ಅದೇ ಕುದುರೆಯ ಬೆನ್ನ ಮೇಲೆ ಎಷ್ಟೋ ಭಾನುವಾರ ಕೂತಿದ್ದೇನೆ, ಅದರ ಕಿವಿ ಹಿಡಿದು ಕಿರುಚಿದ್ದೇನೆ. ಒಂದು ದಿನವೂ ಅದರ ತೂಕ ಎಷ್ಟಿರಬಹುದೆಂದು ಯೋಚಿಸಿರಲಿಲ್ಲ. ಕೂರುವ ಮಕ್ಕಳಿಗೆ ಕುದುರೆಯ ತೂಕ ಯಾಕೆ ಬೇಕು?

ಭದ್ರಾವತಿಯ ನ್ಯೂಟೌನ್ ಕಡೆ, ಹೊಳೆಯ ದಂಡೆಗೆ ಅಂಟಿಕೊಂಡಂತೆ ಒಂದು ಪಾರ್ಕ್ ಇದೆ. ಅದಕ್ಕೆ ಏನೋ ಒಂದು ದೊಡ್ಡ ಹೆಸರು ಇಟ್ಟಿದ್ದರು. ಊರಿಗೆ ಮಾತ್ರ ಅದು ಕುದುರೆ ಪಾರ್ಕ್. ನಡುವೆ ಒಂದು ಕಂಬ, ಅದರ ಸುತ್ತ ದುಂಡನೆಯ ಹಲಗೆ, ಹಲಗೆಯ ಮೇಲೆ ಹನ್ನೆರಡು ಕುದುರೆ. ಹಲಗೆಯ ಅಡಿಯಲ್ಲಿ ಚಕ್ರಗಳಿದ್ದು, ಅವು ನೆಲದಲ್ಲಿ ಹಾಸಿದ ದುಂಡನೆಯ ಕಂಬಿಯ ಮೇಲೆ ಓಡುತ್ತಿದ್ದವು. ಪಕ್ಕದ ಶೆಡ್ಡಿನಲ್ಲಿ ಮೋಟಾರು, ಅಲ್ಲಿಂದ ಬೆಲ್ಟು. ಇಡೀ ಚಕ್ರವನ್ನು ಊರಿನ ಕಬ್ಬಿಣದ ಕಾರ್ಖಾನೆಯ ನೌಕರರೇ ಬಿಡುವಿನಲ್ಲಿ ಕೂಡಿ ಮಾಡಿದ್ದರು. ಭಾನುವಾರ ಸಂಜೆ ಕ್ವಾರ್ಟರ್ಸಿನ ಸಂಸಾರಗಳೆಲ್ಲ ಅಲ್ಲಿ. ಮಂಡಕ್ಕಿ, ಹೊಳೆಗಾಳಿ, ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕಲಸಿದ ಗಲಾಟೆ. ಕಡಲು ನೋಡದ ನಮಗೆ ಅದೇ ಬೀಚು.

ನಿವೃತ್ತ ನೌಕರರ ಪಾರ್ಕ್ ಸಮಿತಿಯವರು ವರ್ಷಗಟ್ಟಲೆ ಮುಚ್ಚಿದ್ದ ಆ ಪಾರ್ಕನ್ನು ಈಗ ಮತ್ತೆ ತೆರೆಯಲು ಹೊರಟಿದ್ದರು. ಕಾಂಟ್ರಾಕ್ಟ್ ಹಿಡಿದವನು ಶಿವಮೊಗ್ಗದ ಪಾಲಿಟೆಕ್ನಿಕ್ಕಿನಲ್ಲಿ ನನ್ನ ಜೊತೆಗೇ ಓದಿದ ಗೆಳೆಯ. ಕುದುರೆ ಚಕ್ರದ ಕೆಲಸವನ್ನು ಅವನು ನನಗೆ ಕೊಟ್ಟ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪು. ಗೇಟು, ಟ್ರಾಲಿ, ಅಡಿಕೆ ಸುಲಿಯುವ ಯಂತ್ರದ ರಿಪೇರಿ ಬಿಟ್ಟರೆ ಇಷ್ಟು ಜನರ ಕಣ್ಣಿಗೆ ಬೀಳುವ ಕೆಲಸ ನನಗೆ ಸಿಕ್ಕಿರಲಿಲ್ಲ. ಒಂದೇ ಷರತ್ತು. ಸುರಕ್ಷತೆ ಪರೀಕ್ಷಿಸುವ ಇಂಜಿನಿಯರ್ ಒಪ್ಪಿದರೆ ಕುದುರೆಗಳು ಉಳಿಯುತ್ತವೆ. ಒಪ್ಪದಿದ್ದರೆ ಗುಜರಿಗೆ, ಅವುಗಳ ಜಾಗಕ್ಕೆ ಫೈಬರ್ ಕುದುರೆ ಬರುತ್ತದೆ.

"ನಂಗೇನೂ ದ್ವೇಷ ಇಲ್ಲ ಮಾರಾಯ್ತಿ, ನಾನೂ ಅದರ ಮೇಲೆ ಕೂತವನೇ. ಆದ್ರೆ ಪಾರ್ಕ್ ಓಪನಿಂಗ್ ಮುಂದಕ್ಕೆ ಹಾಕೋಕಾಗಲ್ಲ," ಎಂದಿದ್ದ ಗೆಳೆಯ.

ಕೆಲಸ ಶುರುವಾದ ದಿನದಿಂದ ಒಬ್ಬರು ತಾತ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಕಾರ್ಖಾನೆಯ ಫೌಂಡ್ರಿಯಲ್ಲಿ ಮೌಲ್ಡರ್ ಆಗಿದ್ದವರು. ಈ ಹನ್ನೆರಡು ಕುದುರೆಗಳ ಅಚ್ಚು ಕಟ್ಟಿ ಎರಕ ಹೊಯ್ದ ತಂಡದಲ್ಲಿ ಇನ್ನೂ ಬದುಕಿರುವವರು ಅವರೊಬ್ಬರೇ. ಮನೆಮಾತು ತಮಿಳು, ಕನ್ನಡವನ್ನು ಭದ್ರಾವತಿಯ ಬೀದಿಯಲ್ಲಿ ಕಲಿತವರು. ನನ್ನನ್ನು ಅವರು ಹೆಸರು ಹಿಡಿದು ಕರೆಯಲೇ ಇಲ್ಲ. ಅಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಿಂದ ನಾನು "ಫಿಟ್ಟರ್ ಮಗಳು".

"ಫಿಟ್ಟರ್ ಮಗಳೇ, ಮೆಲ್ಲಗೆ ಎತ್ತಮ್ಮಾ. ಮೂಗಿಗೆ ಏಟು ಬೀಳ್‌ಬಾರ್ದು. ಆ ಮೂಗು ಬರ್ಸೋಕೆ ನಾವು ಎಷ್ಟು ಒದ್ದಾಡಿದೀವಿ ಗೊತ್ತಾ?"

ಕುದುರೆಗಳನ್ನು ಇಳಿಸಿ, ತುಕ್ಕು ಕೆರೆದು, ಕಂಬಿಯನ್ನು ಮಟ್ಟ ಮಾಡಿದೆವು. ಚಕ್ರಗಳನ್ನು ಬಿಚ್ಚಿದಾಗ ಒಳಗೆ ಬೇರಿಂಗ್ ಇರಲಿಲ್ಲ; ಗನ್‌ಮೆಟಲ್‌ನ ಬುಷ್ ಇತ್ತು, ಎಂದರೆ ಅಚ್ಚುಕಡ್ಡಿಯ ಸುತ್ತ ಹಾಕುವ ಹಿತ್ತಾಳೆ ಬಣ್ಣದ ದಪ್ಪ ಬಳೆ. ಅದರೊಳಗೆ ಕಡ್ಡಿ ಉಜ್ಜಿಕೊಂಡೇ ತಿರುಗಬೇಕು. ಸವೆದ ಬುಷ್‌ಗಳನ್ನು ಹೊಸದಾಗಿ ಲೇತಿನಲ್ಲಿ ಕಡೆದು ಹಾಕಿದೆ. ಹಳೆಯ ಮೋಟಾರಿಗೆ ತಂತಿ ಸುತ್ತಿಸಿದೆ. ಕುದುರೆಗಳನ್ನು ಮತ್ತೆ ಕೂರಿಸಿ, ಮಕ್ಕಳ ಬದಲು ಮರಳಿನ ಮೂಟೆಗಳನ್ನು ಅವುಗಳ ಬೆನ್ನಿಗೆ ಕಟ್ಟಿ, ದೇವರನ್ನು ನೆನೆದು ಸ್ವಿಚ್ ಒತ್ತಿದೆ.

ಮೋಟಾರು ಗುಂಯ್ ಎಂದಿತು. ಬೆಲ್ಟು ಜಾರಿತು. ರಬ್ಬರ್ ಸುಟ್ಟ ವಾಸನೆ ಬಂತು. ಕುದುರೆಗಳು ನಿಂತಲ್ಲೇ ಹಲ್ಲು ಕಿರಿಯುತ್ತಿದ್ದವು. ಬೆಲ್ಟು ಬಿಗಿ ಮಾಡಿದೆ, ಹೊಸ ಬೆಲ್ಟು ಹಾಕಿದೆ, ಗ್ರೀಸ್ ಬದಲಾಯಿಸಿದೆ. ಊಹೂಂ.

"ತಾತ, ಇದಕ್ಕೆ ಮೊದಲಿಂದ ಇದೇ ಮೋಟಾರಾ?"

"ಇದೇ."

"ಇದು ಸಾಕಾಗ್ತಿತ್ತಾ?"

ತಾತನಿಗೆ ಸಿಟ್ಟು ಬಂತು. "ಸಾಕಾಗ್ದೆ? ಅಷ್ಟು ವರ್ಷ ತಿರುಗಿಲ್ವಾ? ನಮ್ಮ ಕೆಲ್ಸದಲ್ಲಿ ತಪ್ಪು ಹುಡುಕ್ಬೇಡಮ್ಮಾ. ನೀನು ಬಿಚ್ಚಿ ಕಟ್ಟಿದ್ರಲ್ಲಿ ಹುಡುಕು."

ನನಗೂ ಸಿಟ್ಟು ಬಂತು. ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಲು ಬಂದವಳ ಹಾಗಾಯಿತಲ್ಲ ನನ್ನ ಪಾಡು ಎಂದು ಗೊಣಗಿಕೊಂಡು ಶಿವಮೊಗ್ಗಕ್ಕೆ ವಾಪಸ್ ಬಂದೆ. ಮಾರನೆಯ ದಿನ ಎಲ್ಲ ಬುಷ್‌ಗಳನ್ನೂ ಕಿತ್ತೆಸೆದು ಬಾಲ್ ಬೇರಿಂಗ್ ಹಾಕುವುದೆಂದು ತೀರ್ಮಾನಿಸಿದೆ. ಚಕ್ರಗಳ ತೂತನ್ನು ದೊಡ್ಡದು ಮಾಡಿ, ಕಡ್ಡಿಗಳನ್ನು ಹೊಸದಾಗಿ ಕಡೆದು, ಬೇರಿಂಗ್‌ಗಳನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಕೂರಿಸಿದೆವು. ಇಡೀ ವಾರ ಅದೇ ಕೆಲಸ. ಅಷ್ಟು ಚೊಕ್ಕವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ, ಹೇಳಿಕೊಳ್ಳಲು ಸಂಕೋಚವಿಲ್ಲ.

ಈ ಸಲ ಸ್ವಿಚ್ ಒತ್ತಿದ ಕೂಡಲೇ ಕುದುರೆಗಳು ಹೊರಟವು. ಸದ್ದಿಲ್ಲ, ನಡುಕವಿಲ್ಲ. ವೆಲ್ಡರ್ ಸಿಳ್ಳೆ ಹಾಕಿದ. ನಾನು ವಿಡಿಯೋ ಮಾಡಿ ಗೆಳೆಯನಿಗೆ ಕಳಿಸಿದೆ. ತಾತ ಮಾತ್ರ ಮರದ ಕೆಳಗಿಂದ ಏಳಲಿಲ್ಲ. ಸಾಕೆನಿಸಿ ಸ್ವಿಚ್ ಆರಿಸಿದೆ. ಕುದುರೆಗಳು ಹೋಗುತ್ತಲೇ ಇದ್ದವು. ಒಂದು ಸುತ್ತಾಯಿತು. ಇನ್ನೊಂದು ಸುತ್ತು. ನನ್ನ ಎದುರಿಗೆ ಮತ್ತೆ ಮತ್ತೆ ಬಂದು ಹಲ್ಲು ಕಿರಿದು ಹೋದವು. ಅಷ್ಟು ಭಾರ ಒಮ್ಮೆ ಓಡಲು ಕಲಿತರೆ ನಿಲ್ಲಿಸುವವರು ಯಾರು?

ಅಂದೇ ಪರೀಕ್ಷೆಗೆ ಬಂದಿದ್ದ ಇಂಜಿನಿಯರ್ ಜೋರು ಮಾಡುವ ಮನುಷ್ಯನಲ್ಲ. ಕೈಕಟ್ಟಿ ನಿಂತು ಅಷ್ಟನ್ನೂ ನೋಡಿದರು.

"ಮೇಡಂ, ಕೆಲ್ಸ ಚೆನ್ನಾಗಿದೆ. ಆದ್ರೆ ಒಂದು ಮಗು ಇಳಿಯೋಕೆ ಹೋಗಿ ಬಿತ್ತು ಅಂದ್ಕೊಳ್ಳಿ. ಆಪರೇಟರ್ ಆಫ್ ಮಾಡ್ತಾನೆ. ಆಮೇಲೆ?"

ಸ್ವಿಚ್ ಆರಿಸಿದೊಡನೆ ನಿಲ್ಲಬೇಕು, ಆದರೆ ಕುಲುಕದೆ ನಿಲ್ಲಬೇಕು. ಇನ್ನೊಮ್ಮೆ ಮಾತ್ರ ಬರುತ್ತೇನೆ ಎಂದು ಹೇಳಿ ಹೋದರು.

ಬ್ರೇಕ್ ಹಾಕಿದರಾಯಿತು ಎಂದುಕೊಂಡೆ. ಲಾರಿಯ ಬ್ರೇಕ್ ಲೈನರ್ ತರಿಸಿ, ಹಲಗೆಯ ಅಂಚನ್ನು ಕಚ್ಚಿ ಹಿಡಿಯುವ ಹಾಗೆ ಒಂದು ಜೋಡಿ ಇಕ್ಕಳ ಮಾಡಿದೆ. ಓಡುತ್ತಿರುವಾಗ ಲಿವರ್ ಎಳೆದೆ. ಹಲಗೆ ನಿಂತಿತು. ಕುದುರೆಗಳಿಗೆ ನಿಲ್ಲುವ ಮನಸ್ಸಿರಲಿಲ್ಲ. ಟಣ್ ಎಂದು ಶಬ್ದವಾಯಿತು. ಮೂಟೆಗಳು ಮುಂದಕ್ಕೆ ಉರುಳಿದವು, ಒಂದು ಕುದುರೆಯ ಮುಂಗಾಲು ಮೊಣಕಾಲಿನ ಬಳಿ ಬಿರುಕು ಬಿಟ್ಟಿತ್ತು.

ತಾತ ಎದ್ದು ಬಂದರು. ಬಿರುಕಿನ ಮೇಲೆ ಬೆರಳು ಆಡಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಟವೆಲ್ಲಿನಿಂದ ಕುದುರೆಯ ಮುಖ ಒರೆಸಿ ಮನೆಗೆ ಹೋಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬೀಡು ಕಬ್ಬಿಣಕ್ಕೆ ಬೆಸುಗೆ ಹಾಕುವುದು ತಾಳ್ಮೆಯ ಕೆಲಸ. ಎರಕದ ಕಬ್ಬಿಣ ಗಟ್ಟಿ, ಆದರೆ ಪೆಡಸು. ಮಾಮೂಲಿ ರಾಡಿನಲ್ಲಿ ಅವಸರದಿಂದ ಬೆಸೆದರೆ ತಣ್ಣಗಾಗುವಾಗ ಪಕ್ಕದಲ್ಲೇ ಹೊಸದಾಗಿ ಬಿರಿಯುತ್ತದೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದಕ್ಕೆ ಓಡದಂತೆ ಮಾಡಿದೆವು. ಬಿರುಕನ್ನು ಕಣಿವೆಯಂತೆ ಕೆತ್ತಿ, ಇದ್ದಿಲ ಕೆಂಡದಲ್ಲಿ ಕಾಲನ್ನು ಕಾಯಿಸಿ, ನಿಕಲ್ ರಾಡಿನಲ್ಲಿ ಬೆರಳಗಲ ಬೆರಳಗಲ ಬೆಸೆದು, ಪ್ರತಿ ಸಲವೂ ಸುತ್ತಿಗೆಯಿಂದ ಮೆತ್ತಗೆ ತಟ್ಟಿದೆವು. ಆಮೇಲೆ ಇಡೀ ಕಾಲನ್ನು ಬೂದಿಯಲ್ಲಿ ಹೂತು ಬಿಟ್ಟೆವು.

"ಬಾಣಂತಿ ಥರ ನೋಡ್ಕೋಬೇಕಕ್ಕ ಇದನ್ನ. ಗಾಳಿ ತಾಗ್‌ಬಾರ್ದು," ಎಂದ ವೆಲ್ಡರ್.

ಕುದುರೆ ಬೂದಿಯೊಳಗೆ ಬಾಣಂತನ ಮಾಡಿಸಿಕೊಳ್ಳುತ್ತಿರುವಾಗ ಗೆಳೆಯ ಬಂದ. ಬಿರುಕಿನ ಸುದ್ದಿ ಅವನಿಗೆ ಮುಟ್ಟಿತ್ತು. ಸೋಮವಾರ ಗುಜರಿ ಲಾರಿ ಬರಲು ಹೇಳಿದ್ದೇನೆ ಎಂದ. "ನಿನ್ ಕೈಲಿ ಆಗಿಲ್ಲ ಅಂತ ಯಾರೂ ಅನ್ನಲ್ಲ ಮಾರಾಯ್ತಿ. ಈ ಭಾರಕ್ಕೆ ಯಾರ್ ಕೈಲೂ ಆಗಲ್ಲ."

ಅವನು ಸಮಾಧಾನಕ್ಕೇ ಹೇಳಿದ್ದು. ನನಗೆ ಅಳು ಬಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಆ ದೊಣ್ಣೆ ನನ್ನ ಕೈಯಲ್ಲಿ ಇದ್ದ ಹಾಗಿತ್ತು.

ಅವನು ಹೋದ ಮೇಲೆ ಹಲಗೆಯ ಅಂಚಿನಲ್ಲಿ ಕುಳಿತೆ. ಬೆನ್ನಿಗೆ ಏನೋ ಒತ್ತಿತು. ಅಂಚಿನ ಸುತ್ತಲೂ ಮೇಲೆದ್ದು ಹೊರಕ್ಕೆ ಬಾಗಿದ ಕಬ್ಬಿಣದ ಹಿಡಿಗಳು. ಅವುಗಳಿಗೂ ನಾವೇ ಬಣ್ಣ ಬಳಿದಿದ್ದೆವು, ಯಾಕೆ ಇವೆ ಎಂದು ಕೇಳಿಕೊಂಡಿರಲಿಲ್ಲ. ಕುದುರೆ ಮೇಲೆ ಕೂತ ಮಗುವಿಗೆ ಅವು ಎಟುಕುವುದಿಲ್ಲ. ಹಲಗೆಯ ಮೇಲೆ ನಿಂತವರಿಗೂ ಬೇಡ. ನೆಲದ ಮೇಲೆ ನಿಂತ ದೊಡ್ಡವರ ಎದೆಯ ಎತ್ತರಕ್ಕೆ ಅವು ಸರಿಯಾಗಿದ್ದವು.

ಆಗ ನೆನಪಾಯಿತು. ಆ ಭಾನುವಾರಗಳಲ್ಲಿ ಮಕ್ಕಳನ್ನೆಲ್ಲ ಕೂರಿಸಿದ ಮೇಲೆ ಆಪರೇಟರ್ ಶೆಡ್ಡಿನ ಬಾಗಿಲಿಂದ "ತಳ್ರಪ್ಪೋ" ಎಂದು ಕೂಗುತ್ತಿದ್ದ. ಅಪ್ಪಂದಿರು ಬೀಡಿ ಬಿಸಾಕಿ, ಪಂಚೆ ಮೇಲಕ್ಕೆ ಕಟ್ಟಿ, ಹಿಡಿಗಳನ್ನು ಹಿಡಿದು "ಐಲೇಸಾ" ಎಂದು ತಳ್ಳುತ್ತಿದ್ದರು. ನಾಲ್ಕು ಹೆಜ್ಜೆ ಹೋದ ಮೇಲೆ ಬೆಲ್ಟು ಹಿಡಿದುಕೊಳ್ಳುತ್ತಿತ್ತು. ಶಿಫ್ಟಿನಲ್ಲಿದ್ದವರ ಮಕ್ಕಳಿಗೆ ಪಕ್ಕದ ಮನೆಯವರು ತಳ್ಳುತ್ತಿದ್ದರು. ನಮ್ಮಪ್ಪ ಸಣಕಲು, ಕೆಮ್ಮು ಬೇರೆ. ಯಾವಾಗಲೂ ಕೊನೆಗೆ ಬಂದು ಹಿಡಿಗೆ ಕೈ ಹಾಕುತ್ತಿದ್ದರು. ಅವರು ಕೈ ಹಾಕಿದ ಮೇಲೆಯೇ ಚಕ್ರ ಹೊರಡುತ್ತಿತ್ತು. ಕಾರ್ಖಾನೆಯಲ್ಲೆಲ್ಲ ನಮ್ಮಪ್ಪನೇ ಬಲಶಾಲಿ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಮೋಟಾರು ಇದ್ದೂ ಯಾಕೆ ತಳ್ಳಬೇಕು ಎಂದು ಆ ಇಡೀ ಊರಿನಲ್ಲಿ ಒಬ್ಬರೂ ಕೇಳಲಿಲ್ಲ.

ಅಲ್ಲಿಂದ ಸೀದಾ ಹಳೇನಗರಕ್ಕೆ, ತಾತನ ಮನೆಗೆ ಹೋದೆ.

ಕಾಫಿ ಬಂತು. ಇಬ್ಬರೂ ಕುದುರೆಯ ಸುದ್ದಿ ಎತ್ತಲಿಲ್ಲ. ಕೊನೆಗೆ ತಾತನೇ ಶುರು ಮಾಡಿದರು. ಅವರ ಬಾಲ್ಯ ಮದರಾಸಿನದು. ಕಡಲ ದಂಡೆಯ ಮರಳಿನ ಮೇಲೆ ಒಬ್ಬ ಮರದ ಕುದುರೆಗಳ ಚಕ್ರ ಇಟ್ಟುಕೊಂಡಿದ್ದನಂತೆ. ಅದನ್ನು ಕೈಯಲ್ಲೇ ತಳ್ಳಿ ತಿರುಗಿಸುತ್ತಿದ್ದನಂತೆ.

"ಅವನು ತಳ್ತಾ ತಳ್ತಾ ಹಾಡ್ತಿದ್ದ. ಹಿಂದೆ ಅಲೆ ಸದ್ದು. ಇಲ್ಲಿ ಬಂದಾಗ ಹೊಳೆ ಇತ್ತು, ಗಾಳಿ ಇತ್ತು. ಕುದುರೆ ಒಂದು ಇರ್ಲಿಲ್ಲ. ಫೌಂಡ್ರಿಲಿ ಹೇಳ್ದೆ, ಎಲ್ರೂ ಮಾಡೋಣ ಅಂದ್ರು."

"ಮರದ್ದು ಯಾಕೆ ಮಾಡ್ಲಿಲ್ಲ ತಾತ?"

"ಮಾಡಿದ್ವಲ್ಲ. ಎರಕಕ್ಕೆ ಮರದ ಮಾದರಿ ಕೆತ್ತೋ ಪ್ಯಾಟರ್ನ್ ಶಾಪಿನವನು ಸಾಗುವಾನೀಲಿ ಒಂದು ಮಾಡ್ದ. ಅಬ್ಬಾ, ಏನ್ ಕುದುರೆ ಅದು! ಕಣ್ಣು, ಜೂಲು, ಎಲ್ಲಾ. ಅದನ್ನ ಮರಳಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದಿದ್ದು."

ನಾನು ಲೋಟ ಕೆಳಗಿಟ್ಟೆ. "ಅಂದ್ರೆ ಮರದ ಕುದುರೆ ಆಗ್ಲೇ ಕೈಲಿತ್ತು. ಅಂಥದ್ದೇ ಇನ್ನೂ ಹನ್ನೊಂದು ಮಾಡಿದ್ರೆ ಆಗ್ತಿತ್ತಲ್ಲ?"

ತಾತ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಅದು ಕುದುರೆ ಅಲ್ಲಮ್ಮಾ, ಪ್ಯಾಟರ್ನು."

ನಾನು ಜೋರಾಗಿ ನಕ್ಕುಬಿಟ್ಟೆ. ಜಗತ್ತಿನ ಯಾವ ಊರಿನವರಾದರೂ ಮರದ ಕುದುರೆ ಸಿದ್ಧವಾದಾಗ ಕೆಲಸ ಮುಗಿಯಿತು ಎನ್ನುತ್ತಿದ್ದರು. ಇವರಿಗೆ ಮಾತ್ರ ಕೆಲಸ ಅಲ್ಲಿಂದ ಶುರುವಾಗಿತ್ತು. ತಾತನೂ ನಗತೊಡಗಿದರು, ನಗು ನಿಂತ ಮೇಲೆ ದನಿ ತಗ್ಗಿತು.

"ಮೋಟಾರನ್ನ ನಾನೇ ಬೀಚಿನ ಮರದ ಕುದುರೆ ತೂಕಕ್ಕೆ ಲೆಕ್ಕ ಹಾಕಿ ತರ್ಸಿದ್ದು. ಮೊದಲ್ನೇ ದಿನ ಹೊರಡ್ಲೇ ಇಲ್ಲ. ಊರೆಲ್ಲ ಬಂದು ನಿಂತಿದೆ, ಮಕ್ಕಳು ಮೇಲೆ ಕೂತಿವೆ. ಏನ್ ಮಾಡೋದು? ನಾನೇ ಹೋಗಿ ತಳ್ಳಿದೆ. ಬೀಚಲ್ಲಿ ಹಿಂಗೇ ಮಾಡೋದು, ಇದೇ ಪದ್ಧತಿ ಅಂದೆ. ಎಲ್ರೂ ಬಂದು ತಳ್ಳಿದ್ರು. ಆಮೇಲೆ ಹಿಡಿ ಹಾಕಿದ್ವಿ." ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿ, "ತಪ್ಪೇ ಕಣಮ್ಮಾ. ಈಗ ಗುಜರಿಗೆ ಹೋಗ್ತಿರೋದು ನಾನು ಮಾಡಿದ ಆ ತಪ್ಪೇ," ಎಂದರು.

ಇದನ್ನೆಲ್ಲ ಬರೆಯಲು ತಾತ ಒಪ್ಪಿಗೆ ಕೊಟ್ಟಿದ್ದಾರೆ, ಕುದುರೆಗಳು ಚೆನ್ನಾಗಿವೆ ಅಂತಲೂ ಬರೆಯಬೇಕು ಎಂಬ ಷರತ್ತಿನ ಮೇಲೆ. ಕುದುರೆಗಳು ಬಹಳ ಚೆನ್ನಾಗಿವೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕುಳಿತು ಅದನ್ನೇ ತಿರುವಿ ಹಾಕಿದೆ. ಬುಷ್ ಇದ್ದಾಗ ಚಕ್ರ ತಾನಾಗಿ ಹೊರಡುತ್ತಿರಲಿಲ್ಲ, ಯಾಕೆಂದರೆ ಉಜ್ಜಾಟ ಹೆಚ್ಚು. ಅದೇ ಉಜ್ಜಾಟ ಮೋಟಾರು ಆರಿಸಿದ ತಕ್ಷಣ ಅದನ್ನು ಮೆತ್ತಗೆ ನಿಲ್ಲಿಸುತ್ತಿತ್ತು ಕೂಡ. ಹೊರಡುವ ತೊಂದರೆಯನ್ನು ತೆಗೆಯಲು ಹೋಗಿ ನಾನು ನಿಲ್ಲುವ ಗುಣವನ್ನೂ ಕಿತ್ತುಹಾಕಿದ್ದೆ. ಬ್ರೇಕ್ ಹೊರಗಿನಿಂದ ತರುವುದೇ ಬೇಕಿರಲಿಲ್ಲ. ಅದು ಆ ಗನ್‌ಮೆಟಲ್ ಬಳೆಯೊಳಗೇ ಇತ್ತು. ಹೊರಡಿಸಲು ಬೇಕಾದದ್ದು ಏಳೆಂಟು ಜನರ ತೋಳು, ಅಷ್ಟೆ.

ಮರುದಿನ ನನ್ನ ಚೊಕ್ಕ ಬೇರಿಂಗ್‌ಗಳನ್ನೆಲ್ಲ ಕೀಳಿಸಿದೆ. ವೆಲ್ಡರ್ ಒಂದೊಂದನ್ನೇ ಒರೆಸಿ ಡಬ್ಬಕ್ಕೆ ಹಾಕಿದ. ಚಕ್ರಗಳ ತೂತು ಈಗ ದೊಡ್ಡದಾಗಿತ್ತಲ್ಲ, ಅದಕ್ಕೆ ತಕ್ಕ ದಪ್ಪ ಬುಷ್‌ಗಳನ್ನು ಮತ್ತೆ ಕಡೆದೆವು. ತಳ್ಳುವವರ ಕಾಲು ಚಕ್ರಕ್ಕೆ ಸಿಗದಂತೆ ಹಲಗೆಯ ಸುತ್ತ ತಗಡಿನ ಲಂಗ ಕಟ್ಟಿದೆ. ಸುತ್ತಲ ನೆಲ ಸಮ ಮಾಡಿಸಿ ಹಳದಿ ಗೆರೆ ಎಳೆಸಿದೆ. ಬೆಲ್ಟು ಬಿಗಿ ಮಾಡಲು ಒಂದು ಲಿವರ್. ಚಕ್ರ ನಡಿಗೆಯ ವೇಗಕ್ಕೆ ಬಂದಾಗ ಆಪರೇಟರ್ ಅದನ್ನು ಎಳೆದು ಪೀಪಿ ಊದಬೇಕು, ಪೀಪಿ ಕೇಳಿದವರು ಕೈ ಬಿಟ್ಟು ಗೆರೆಯಾಚೆ ಹೋಗಬೇಕು.

ಇಂಜಿನಿಯರ್ ಬಂದರು. ಗೆಳೆಯನೂ ಮುಖ ಗಂಟು ಹಾಕಿಕೊಂಡು ಬಂದ.

"ಕರೆಂಟ್ ಮೋಟಾರ್ ಇಟ್ಕೊಂಡು ತಳ್ಳೋದಾ?" ಎಂದ.

"ಹೌದು. ಬಾ, ನೀನೂ ತಳ್ಳು."

ಸಮಿತಿಯವರು, ವೆಲ್ಡರ್, ಗೆಳೆಯ, ನಾನು, ಎಲ್ಲ ಸೇರಿ ತಳ್ಳಿದೆವು. ಕುದುರೆಗಳು ಹೊರಟವು. ಓಡುತ್ತಿರುವಾಗ ಇಂಜಿನಿಯರ್ ತಾವೇ ಸ್ವಿಚ್ ಆರಿಸಿದರು. ದಣಿದವರು ಕೂರುವ ಹಾಗೆ ಚಕ್ರ ನಿಧಾನಿಸಿ ನಿಂತಿತು. ಬೆಸೆದ ಮುಂಗಾಲಿಗೆ ಕಿವಿ ಹಚ್ಚಿ ಸುತ್ತಿಗೆಯಿಂದ ತಟ್ಟಿ ನೋಡಿದರು. ಮತ್ತೆ ಮತ್ತೆ ಓಡಿಸಿ ನಿಲ್ಲಿಸಿದರು. ತಳ್ಳುವವರನ್ನು ಗೆರೆಯಾಚೆ ಕಳಿಸಲು ಇನ್ನೊಬ್ಬ ಕಾವಲಿನವನು ಬೇಕೇ ಬೇಕು ಎಂದು ಸೇರಿಸಿ ಒಪ್ಪಿಗೆ ಕೊಟ್ಟರು. ಗೆಳೆಯ ಅಲ್ಲಿಯೇ ನಿಂತು ಗುಜರಿಯವನಿಗೆ ಫೋನ್ ಮಾಡಿ, "ಬರೋದು ಬೇಡ ಮಾರಾಯ," ಎಂದ. ನಾನು ತಿರುಗಿ ಹೊಳೆ ನೋಡುತ್ತಾ ಕಣ್ಣೊರೆಸಿಕೊಂಡೆ.

ಪಾರ್ಕ್ ತೆರೆದದ್ದು ಭಾನುವಾರ ಸಂಜೆ. ಮಂಡಕ್ಕಿ ಗಾಡಿಗಳು ಬಂದಿದ್ದವು. ಹನ್ನೆರಡು ಕುದುರೆಯ ಮೇಲೂ ಮಕ್ಕಳು. ಆಪರೇಟರ್ "ತಳ್ರಪ್ಪೋ" ಎಂದ. ಯಾರೂ ಅಲುಗಲಿಲ್ಲ. ಅಪ್ಪಂದಿರೆಲ್ಲ ಗೆರೆಯಾಚೆ ಮೊಬೈಲ್ ಎತ್ತಿ ಹಿಡಿದು, ಕುದುರೆ ಓಡುವುದನ್ನು ಕಾಯುತ್ತಿದ್ದರು. ಅವರಿಗೆ ಹೇಗೆ ಗೊತ್ತಾಗಬೇಕು? ಪದ್ಧತಿಯೇ ಮರೆತುಹೋಗಿತ್ತು.

ತಾತ ಮರದ ಕೆಳಗಿಂದ ಎದ್ದರು. ಪಂಚೆ ಎತ್ತಿ ಕಟ್ಟಿ, ಹೋಗಿ ಒಂದು ಹಿಡಿ ಹಿಡಿದರು. "ಏನ್ ನೋಡ್ತಿದೀರಾ? ಫೋನ್ ಜೇಬಲ್ಲಿ ಇಡ್ರಪ್ಪಾ. ನಿಮ್ಮ ಮಕ್ಕಳು ತಾನೇ ಮೇಲೆ ಕೂತಿರೋದು?"

ಒಬ್ಬರು ಬಂದರು. ಇನ್ನೊಬ್ಬರು. ಇಬ್ಬರು ತಾಯಂದಿರು ಸೆರಗು ಸಿಕ್ಕಿಸಿಕೊಂಡು ಬಂದರು. ನಾನೂ ಹಿಡಿ ಹಿಡಿದೆ. ಹಲಗೆ ಸ್ವಲ್ಪ ನರಳಿತು, ಹೊರಡಲಿಲ್ಲ. ಆಗ ಬೆಸೆದ ಕಾಲಿನ ಕುದುರೆಯ ಮೇಲಿದ್ದ ಪುಟ್ಟ ಹುಡುಗಿ, "ಪಪ್ಪಾ, ಬಾ!" ಎಂದು ಕಿರುಚಿದಳು. ಗುಂಪಿನ ಹಿಂದಿನಿಂದ ಒಬ್ಬ ಸಣಕಲು ಮನುಷ್ಯ ನಾಚಿಕೊಂಡು ಬಂದು, ಕೊನೆಯ ಹಿಡಿಗೆ ಕೈ ಹಾಕಿದ. ಐಲೇಸಾ ಎಂದೆವು. ಚಕ್ರ ಹೊರಟಿತು. ಪೀಪಿ ಕೂಗಿತು, ಗೆರೆಯಾಚೆ ಬಂದು ನಿಂತೆವು.

"ನೋಡಿದ್ಯಾ?" ಹುಡುಗಿ ಪಕ್ಕದ ಕುದುರೆಯವನಿಗೆ ಕೂಗಿ ಹೇಳುತ್ತಿದ್ದಳು. "ನಮ್ಮ ಪಪ್ಪ ಮುಟ್ಟಿದ್ಮೇಲೇ ಹೊರಟಿದ್ದು!"

ತಾತ ಏದುಸಿರು ಬಿಡುತ್ತಾ ನನ್ನ ಪಕ್ಕ ನಿಂತಿದ್ದರು. ಮೆಲ್ಲಗೆ ಕೇಳಿದರು: "ಫಿಟ್ಟರ್ ಮಗಳೇ, ಒಬ್ಬರ ಕೈಲಿ ಹೊರಡಲ್ಲ ಅನ್ನೋದು ಲೆಕ್ಕ ಹಾಕಿರೋ ನಿಂಗೆ ಗೊತ್ತಲ್ಲ?"

"ಗೊತ್ತು ತಾತ," ಎಂದೆ. "ಆದ್ರೆ ಅವಳಪ್ಪ ಮುಟ್ಟಿದ್ಮೇಲೇ ಹೊರಟಿದ್ದು. ನಾನೇ ನೋಡಿದೀನಿ."